ಜಲಗಾರನಿಗೂ ಒಂದು ಪರವಾನಗಿ ಬೇಕು

ಹೊಳಗುಂದದ ಸೀಮೆಯಲ್ಲಿ ಮುಂಗಾರೆಂದರೆ ಬಿತ್ತನೆಯ ಕಾಲ. ಆಲೂರು, ಪತ್ತಿಕೊಂಡಗಳನ್ನು ದಾಟಿ ಪೂರ್ವಕ್ಕೆ ಹೋದರೆ, ತುಗ್ಗಲಿ, ಜೊನ್ನಗಿರಿ, ಮದ್ದಿಕೆರೆಗಳ ಹೊಲಗಳಲ್ಲಿ ಅದು ಹುಡುಕಾಟದ ಕಾಲವೂ ಹೌದು. ಮಳೆ ತೊಳೆದ ಮಣ್ಣಿನ ಮೇಲೆ ವಜ್ರದ ಹರಳು ಮಿನುಗೀತೆಂದು ಕೂಲಿಕಾರರು ಬುತ್ತಿ ಕಟ್ಟಿಕೊಂಡು ಬಂದು ದಿನವಿಡೀ ಬಗ್ಗಿ ನಡೆಯುತ್ತಾರೆ. ಅದೇ ಜೊನ್ನಗಿರಿಯ ನೆಲದಡಿಯಲ್ಲಿ ಚಿನ್ನವಿದೆ. ಸಮೀಪದ ಎರ್ರಗುಡಿಯ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಮೌರ್ಯರ ದಕ್ಷಿಣದ ಆಡಳಿತ ಕೇಂದ್ರವಾಗಿದ್ದ ಸುವರ್ಣಗಿರಿಯು ಈ ಜೊನ್ನಗಿರಿಯೇ ಎನ್ನುವ ವಿದ್ವಾಂಸರೂ ಇದ್ದಾರೆ; ಕನಕಗಿರಿಯತ್ತ ಬೆರಳು ತೋರುವವರೂ ಇದ್ದಾರೆ. ಇಂದು ಅಲ್ಲಿನ ಚಿನ್ನದ ಗಣಿ ಖಾಸಗಿ ಕಂಪನಿಯ ಗುತ್ತಿಗೆಯಲ್ಲಿದೆ. ಒಂದೇ ನೆಲದಲ್ಲಿ ಯಂತ್ರಕ್ಕೆ ಗುತ್ತಿಗೆಯ ಪತ್ರವುಂಟು, ಬರಿಗೈಗೆ ಯಾವ ಪತ್ರವೂ ಇಲ್ಲ. ಈ ಅಂತರ ವಿಚಾರಾರ್ಹವಾದುದು.

ಕನ್ನಡ ನಾಡಿಗೆ ಬರಿಗೈಯ ಗಣಿಗಾರಿಕೆ ಹೊಸದಲ್ಲ. ಗದಗ ಸೀಮೆಯ ಕಪ್ಪತಗುಡ್ಡದಿಂದ ಇಳಿಯುವ ಡೋಣಿ, ಸೊರಟೂರುಗಳ ಹಳ್ಳಗಳಲ್ಲಿ ಮರಳು ತೊಳೆದು ಚಿನ್ನದ ಕಣ ತೆಗೆಯುತ್ತಿದ್ದವರನ್ನು ಜಲಗಾರರೆಂದು ಕರೆಯುತ್ತಿದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಆ ಗುಡ್ಡಗಳ ಚಿನ್ನದ ಬಗೆಗೆ ವರದಿ ಬರೆದಾಗ ಅವನಿಗೆ ನೆರವಾದದ್ದು ಈ ಜಲಗಾರರ ಕೈಚಳಕವೇ. ಅದಕ್ಕೂ ಮೊದಲು, 1802ರಲ್ಲಿ, ಕೋಲಾರದ ಕಡೆ ಬಂದ ಲೆಫ್ಟಿನೆಂಟ್ ಜಾನ್ ವಾರೆನ್‌ನ ಎದುರಿಗೆ ಮಣ್ಣು ತೊಳೆದು ಚಿನ್ನ ತೋರಿಸಿದವರು ಉರಿಗಾಂ, ಮಾರಿಕುಪ್ಪಂ ಕಡೆಯ ಹಳ್ಳಿಗರು. ಆ ತೊಳೆತದ ಬೆನ್ನುಹಿಡಿದು ಹೊರಟ ಶೋಧವೇ ಮುಂದೆ ಜಗತ್ಪ್ರಸಿದ್ಧ ಗಣಿಯಾಯಿತು. 2001ರ ಫೆಬ್ರವರಿ 28ರಂದು ಮುಚ್ಚಿತು. ಗಣಿಯ ಚರಿತ್ರೆಯಲ್ಲಿ ಕಂಪನಿಯ ಹೆಸರಿದೆ, ದೊರೆಗಳ ಹೆಸರಿದೆ. ಮೊದಲು ಮಣ್ಣು ತೊಳೆದವನ ಹೆಸರಿಲ್ಲ.

ಜಲಗಾರನ ವಿದ್ಯೆ ಸರಳವಾಗಿ ಕಂಡರೂ ಸೂಕ್ಷ್ಮವಾದುದು. ಚಿನ್ನ ನೀರಿಗಿಂತ 19 ಪಟ್ಟು ಭಾರ. ಸಾಮಾನ್ಯ ಮರಳು ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು. ಹೊಳೆಯ ವೇಗ ಕುಂದುವೆಡೆಯಲ್ಲಿ, ತಿರುವಿನ ಒಳಮಗ್ಗುಲಲ್ಲಿ, ಬಂಡೆಯ ಮರೆಯಲ್ಲಿ, ತಳದ ಬಿರುಕಿನಲ್ಲಿ ಭಾರವಾದುದು ನಿಲ್ಲುತ್ತದೆ. ಅಲ್ಲಿಯ ಮರಳನ್ನು ಮರದ ಮರಿಗೆಯಲ್ಲಿ ತುಂಬಿ, ಗೃಹಿಣಿ ಅಕ್ಕಿಯನ್ನು ಜಾಲಿಸುವಂತೆ ಜಾಲಿಸಿದರೆ ಹಗುರವಾದುದು ನೀರಿನೊಡನೆ ಹೋಗಿ, ಕೊನೆಗೆ ಕರಿಮರಳಿನ ಅಂಚಿನಲ್ಲಿ ಹಳದಿ ಗೆರೆಯೊಂದು ಉಳಿಯುತ್ತದೆ. ನೀರಿನ ನಡೆಯನ್ನು ಓದಬಲ್ಲವನಿಗೆ ಮಾತ್ರ ಈ ಗೆರೆ ಕಾಣುತ್ತದೆ.

ಭಾಷೆಯೂ ಇಲ್ಲಿ ಸಾಕ್ಷಿ ನುಡಿಯುತ್ತದೆ. ಮರಾಠಿಯಲ್ಲಿ ಅಕ್ಕಸಾಲೆಯ ಅಂಗಡಿಯ ಧೂಳು ತೊಳೆದು ಚಿನ್ನ ತೆಗೆಯುವವನನ್ನು ಝಾರೇಕರಿ ಎನ್ನುತ್ತಾರೆ. ಕನ್ನಡದ ಜಲಗಾರ ಶಬ್ದವಾದರೋ ಚಿನ್ನ ತೊಳೆಯುವವನಿಗೂ ಬೀದಿ ಗುಡಿಸುವವನಿಗೂ ಸಲ್ಲುತ್ತದೆ. ಕುವೆಂಪು ಅವರ 'ಜಲಗಾರ' ನಾಟಕದಲ್ಲಿ ಶಿವನು ದರ್ಶನ ಕೊಡುವುದು ಬೀದಿ ಗುಡಿಸುವ ಜಲಗಾರನಿಗೆ. ಕಸದಿಂದ ಬೆಲೆಯುಳ್ಳದ್ದನ್ನು ಬೇರ್ಪಡಿಸುವವನಿಗೆ ಸಮಾಜವು ಕಸದ ಪಕ್ಕದಲ್ಲೇ ಸ್ಥಾನ ಕೊಟ್ಟಿತೆಂಬುದನ್ನು ಈ ಒಂದೇ ಶಬ್ದ ಹೇಳುತ್ತದೆ.

ಕಾನೂನು ಅವನಿಗೆ ಇದಕ್ಕಿಂತ ಉತ್ತಮ ಸ್ಥಾನವನ್ನೇನೂ ಕೊಟ್ಟಿಲ್ಲ. 1957ರ ಗಣಿ ಮತ್ತು ಖನಿಜ ಕಾಯಿದೆಗೆ 2015ರಲ್ಲಿ ಆದ ತಿದ್ದುಪಡಿಯ ನಂತರ ಚಿನ್ನದಂಥ ಖನಿಜಗಳ ಗುತ್ತಿಗೆಗೆ ಹರಾಜೇ ದಾರಿ. ಪಾರದರ್ಶಕತೆಯ ದೃಷ್ಟಿಯಿಂದ ಅದು ಮೆಚ್ಚತಕ್ಕದ್ದೇ. ಆದರೆ ಮರಿಗೆಯೊಂದೇ ಬಂಡವಾಳವಾಗಿರುವವನು ಹರಾಜಿನ ಕಟ್ಟೆ ಹತ್ತಲಾರ. ಹತ್ತಲಾಗದವನ ದುಡಿಮೆ ಗುಟ್ಟಿನದಾಗುತ್ತದೆ. ಗುಟ್ಟಿನ ಸರಕಿಗೆ ಕೊಳ್ಳುವವನು ಹೇಳಿದ್ದೇ ಬೆಲೆಯಾಗುತ್ತದೆ.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಸಣ್ಣ ಗಣಿಗಾರಿಕೆಗೆ ಬಾಗಿಲು ತೆರೆದರೆ ಹೊಳೆ ಹಾಳಾದೀತು, ಪಾದರಸ ನೀರಿಗಿಳಿದೀತು ಎಂಬ ಭಯ ನಿಜವಾದುದು. ಪಾದರಸದ ಬಳಕೆಯನ್ನು ತಡೆಯುವ ಮಿನಮಾಟಾ ಒಪ್ಪಂದ 2017ರಲ್ಲಿ ಜಾರಿಗೆ ಬಂತು. ಭಾರತ 2018ರಲ್ಲಿ ಅದನ್ನು ಅನುಮೋದಿಸಿತು. ಜಗತ್ತಿನಲ್ಲಿ ಮನುಷ್ಯನಿಂದ ಗಾಳಿಗೆ ಸೇರುವ ಪಾದರಸದಲ್ಲಿ ಅತಿ ದೊಡ್ಡ ಪಾಲು ಸಣ್ಣ ಚಿನ್ನದ ಗಣಿಗಾರಿಕೆಯದೇ. ಆದರೆ ಗುಟ್ಟಾಗಿ ನಡೆಯುವ ಕೆಲಸವನ್ನು ಯಾವ ಅಧಿಕಾರಿಯೂ ತಪಾಸಣೆ ಮಾಡಲಾರ. ಆದುದರಿಂದ ನಿಷೇಧಕ್ಕಿಂತ ನಿಯಮವೇ ಹೊಳೆಗೆ ಹೆಚ್ಚು ಹಿತ.

ಬೇಕಾದುದು ದೊಡ್ಡದೇನಲ್ಲ. ಮಳೆಗಾಲಕ್ಕಷ್ಟೇ ಸೀಮಿತವಾದ, ಕೈ ಸಲಕರಣೆಗಳಿಗಷ್ಟೇ ಅನ್ವಯಿಸುವ ಪರವಾನಗಿ. ಹೊಲದ ಒಡೆಯನ ಒಪ್ಪಿಗೆ ಮತ್ತು ಅವನಿಗೊಂದು ಪಾಲು. ಪಾದರಸಕ್ಕೆ ಸಂಪೂರ್ಣ ನಿಷೇಧ. ತೋಡಿದ ಗುಂಡಿ ಮುಚ್ಚುವ ಹೊಣೆ. ತಾಲೂಕು ಕೇಂದ್ರದಲ್ಲಿ ತೂಕಕ್ಕೆ ತಕ್ಕ ಬೆಲೆ ಕೊಡುವ ಸರಕಾರಿ ಖರೀದಿ ಕಟ್ಟೆ.

ಇದರಿಂದ ಯಾರೂ ಕುಬೇರರಾಗುವುದಿಲ್ಲ. ಮಳೆ ಬಂದಾಗಷ್ಟೇ ತುಂಬುವ ಹಳ್ಳಗಳು ಜಲಗಾರನಿಗೆ ವರ್ಷವಿಡೀ ಅನ್ನವಿಕ್ಕಲಾರವು. ಆದರೆ ಆದೋನಿ, ಆಲೂರುಗಳಿಂದ ಮಳೆ ಕೈಕೊಟ್ಟ ವರ್ಷ ಗುಳೆ ಹೊರಡುವ ಕುಟುಂಬಕ್ಕೆ ತನ್ನ ಸೀಮೆಯಲ್ಲೇ, ತಲೆಯೆತ್ತಿ ಮಾಡಬಹುದಾದ ನಾಲ್ಕು ವಾರದ ದುಡಿಮೆ ಅಲ್ಪವೇನಲ್ಲ. 1953ರಲ್ಲಿ ಈ ತಾಲೂಕುಗಳು ಬಳ್ಳಾರಿಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದವು. ಗಡಿ ಬದಲಾದರೂ ಮಣ್ಣಿನ ಗುಣ ಬದಲಾಗಲಿಲ್ಲ, ಬಡವನ ಪಾಡೂ ಬದಲಾಗಲಿಲ್ಲ. ಗಣಿಯ ಕಾಯಿದೆಯನ್ನು ಮತ್ತೆ ತಿದ್ದುವ ಸಂದರ್ಭ ಬಂದಾಗ ಯಂತ್ರದ ಒಡೆಯನೊಡನೆ ಮರಿಗೆಯ ಒಡೆಯನನ್ನೂ ನೆನೆಯುವುದು ನ್ಯಾಯ.