ಸಿಂಹಗಡಕ್ಕೆ ಬೆನ್ನು, ಆಗ್ನೇಯಕ್ಕೆ ಮುಖ

ಪುಣೆ ಜಿಲ್ಲೆಯ ಭೋರ್ ಪಟ್ಟಣದಲ್ಲಿ ಯಾವುದಾದರೂ ಹಳೆಯ ಮನೆಯ ಮೇಲೆ ಮೀನಿನ ಮುಳ್ಳಿನಂಥ ಅಲ್ಯೂಮಿನಿಯಂ ಆಂಟೆನಾ ಇನ್ನೂ ಉಳಿದಿದ್ದರೆ, ಅದು ಉತ್ತರಕ್ಕೆ, ತುಸು ವಾಯವ್ಯಕ್ಕೆ ವಾಲಿ ನಿಂತಿರುತ್ತದೆ. ಆ ದಿಕ್ಕಿನಲ್ಲಿ ಸುಮಾರು 25 ಕಿಲೋಮೀಟರ್ ಆಚೆ ಸಿಂಹಗಡವಿದೆ. 1973ರಿಂದ ಪುಣೆಯ ಮನೆಗಳಿಗೆ ದೂರದರ್ಶನ ತಲುಪಿಸಿದ ಪ್ರಸಾರ ಗೋಪುರ ಇರುವುದು ಆ ಕೋಟೆಯ ಮೇಲೆ. ಇಂದು ಅದೇ ಊರಿನಲ್ಲಿ ಕಾಸು ಕೊಡದೆ ಟಿವಿ ನೋಡಬೇಕೆನ್ನುವವರು ಸಿಂಹಗಡಕ್ಕೆ ಬೆನ್ನು ತಿರುಗಿಸಬೇಕು. ಬೇಕಾದ ಉಪಗ್ರಹ ಆಗ್ನೇಯದಲ್ಲಿದೆ. ವಾಸ್ತುವಿನವರು ಒಲೆಗೆಂದು ಬಿಟ್ಟುಕೊಟ್ಟ ಮೂಲೆ ಅದು.

ಇದನ್ನು ನಷ್ಟವೆಂದು ಹಲವರು ಹಲುಬುತ್ತಾರೆ. ಪ್ರಸಾರ ಭಾರತಿ ಹಳೆಯ ಅನಲಾಗ್ ಪ್ರಸಾರಕಗಳನ್ನು ಒಂದೊಂದಾಗಿ ಮುಚ್ಚಿತು. ಆಯಕಟ್ಟಿನ ಜಾಗಗಳ ಸುಮಾರು 50 ಬಿಟ್ಟು ಉಳಿದವನ್ನೆಲ್ಲ 2022ರ ಮಾರ್ಚ್ 31ರೊಳಗೆ ನಿಲ್ಲಿಸುವುದಾಗಿ ಸಾರಿತು. 2016ರಲ್ಲಿ 16 ನಗರಗಳಲ್ಲಿ ಶುರುವಾದ ಡಿಜಿಟಲ್ ಭೂಪ್ರಸಾರದ ಸುದ್ದಿ ಟಿವಿ ಕೊಳ್ಳುವ ಸಾಮಾನ್ಯರಿಗೆ ಸರಿಯಾಗಿ ಮುಟ್ಟಲೇ ಇಲ್ಲ. ಹಾಗಾಗಿ ಮಾಳಿಗೆಯ ಮೇಲೆ ನಿಂತು "ಬಂತೇನ್?" ಎಂದು ಕೂಗುವುದು, ಒಳಗಿನಿಂದ "ಇಲ್ಲ, ಬರೇ ಚಿಕ್ಕಿ ಕಾಣಾಕತ್ತಾವ, ಇನ್ನಷ್ಟು ತಿರುಗಸು" ಎನ್ನುವುದು, ಈ ಹಳೆಯ ಮಾತುಕತೆಗೆ ಕಣ್ಣು ತೇವ ಮಾಡಿಕೊಳ್ಳುವವರಿದ್ದಾರೆ. ಆದರೆ ಸಹ್ಯಾದ್ರಿಯ ಮಡಿಲಿನ ಊರುಗಳಿಗೆ ಆ ಗೋಪುರ ಎಂದೂ ಸರಿಯಾಗಿ ನ್ಯಾಯ ಕೊಟ್ಟಿರಲಿಲ್ಲ. ಟಿವಿಯ ಅಲೆ ಹೆಚ್ಚುಕಡಿಮೆ ನೇರ ನೋಟದಲ್ಲೇ ಸಾಗುತ್ತದೆ. ನಡುವೆ ಒಂದು ಗುಡ್ಡ ಅಡ್ಡ ನಿಂತರೆ ಚಿತ್ರಕ್ಕೆ ನೆರಳು ಬೀಳುತ್ತದೆ. ಭೋರ್‌ನ ಸುತ್ತ ಇರುವುದೇ ಗುಡ್ಡ.

ಭೋರ್‌ನ ಕನ್ನಡ ಮನೆಗೆ ಈ ಬದಲಾವಣೆ ಲಾಭವೇ. ಇಂಡಿ ತಾಲ್ಲೂಕಿನಿಂದ ಬಂದು, ಹತ್ತಿರದ ಶಿರವಳ್‌ನ ಕಾರ್ಖಾನೆಯಲ್ಲಿ ದುಡಿಯುತ್ತ, ಭೋರ್‌ನಲ್ಲಿ ಬಾಡಿಗೆಗಿರುವ ಒಂದು ಕುಟುಂಬವಿದೆ ಎಂದುಕೊಳ್ಳಿ. ಭೋರ್ ದಾಟಿ ಹರಿಯುವ ನೀರಾ ನದಿ ಭೀಮೆಯನ್ನು ಸೇರಿ, ಇಂಡಿಯ ಗಡಿ ತೊಳೆದುಕೊಂಡೇ ಮುಂದೆ ಹೋಗುತ್ತದೆ. ನೀರು ಅತ್ತ ಇಳಿದಷ್ಟು ಸಲೀಸಾಗಿ ಅತ್ತಲಿನ ಮಾತು ಇತ್ತ ಏರಿ ಬರಲಾರದು. ಸಿಂಹಗಡದಿಂದ ಬರುತ್ತಿದ್ದುದು ಮುಂಬಯಿಯ ಮರಾಠಿ, ದಿಲ್ಲಿಯ ಹಿಂದಿ. ರಾಷ್ಟ್ರೀಯ ಜಾಲದ ಭಾನುವಾರ ಮಧ್ಯಾಹ್ನದ ಪ್ರಾದೇಶಿಕ ಚಿತ್ರದ ಸರದಿಯಲ್ಲಿ ಕನ್ನಡಕ್ಕೆ ಎಂದಾದರೊಮ್ಮೆ ಪಾಳಿ ಸಿಕ್ಕರೆ ಅದೇ ಹಬ್ಬ. ಎಂಥ ಎತ್ತರದ ಕಂಬ ನೆಟ್ಟರೂ ಆ ಆಂಟೆನಾಕ್ಕೆ ಚಂದನ ವಾಹಿನಿ ದಕ್ಕುತ್ತಿರಲಿಲ್ಲ. ಆಗ್ನೇಯದ ಉಪಗ್ರಹದಿಂದ ಅದು ಬಿಟ್ಟಿಯಾಗಿ ಬರುತ್ತದೆ.

ಹಾಗೆ ನೋಡಿದರೆ ವಿಜಾಪುರದ ಕಡೆಯವರಿಗೆ ಉಪಗ್ರಹ ಹೊಸದಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ 'ಸೈಟ್' ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ಕಳಿಸಿತು. ಕರ್ನಾಟಕದ ಪಾಲಿನ ಹಳ್ಳಿಗಳಿದ್ದುದು ಆಗಿನ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳಲ್ಲಿ. ಕೋಳಿಗೂಡಿಗೆ ಹಾಕುವಂಥ ತಂತಿಜಾಲರಿಯಿಂದ ಮಾಡಿದ ಹತ್ತಡಿ ಅಗಲದ ಡಿಶ್, ಅದರ ಮುಂದೆ ಇಡೀ ಊರು. ಗುಲ್ಬರ್ಗದಲ್ಲಿ ದೂರದರ್ಶನ ಕೇಂದ್ರ ಬಂದದ್ದು ಅದರ ನಂತರ, 1977ರಲ್ಲಿ. ಬೆಂಗಳೂರಿಗೆ ಬಂದದ್ದು 1981ರಲ್ಲಿ. ರಾಜಧಾನಿಗಿಂತ ಮೊದಲು ಟಿವಿ ಕಂಡ ಹಳ್ಳಿಗಳವು, ಅದೂ ನೇರ ಆಕಾಶದಿಂದ. ಹತ್ತಡಿಯ ಆ ಜಾಲರಿ ಈಗ ಎರಡಡಿಯ ತಟ್ಟೆಯಾಗಿದೆ.

ಈ ತಟ್ಟೆಯ ಸೇವೆಯ ಹೆಸರು ಡಿಡಿ ಫ್ರೀ ಡಿಶ್. 2004ರ ಡಿಸೆಂಬರ್‌ನಲ್ಲಿ 33 ವಾಹಿನಿಗಳೊಂದಿಗೆ 'ಡಿಡಿ ಡೈರೆಕ್ಟ್ ಪ್ಲಸ್' ಎಂಬ ಹೆಸರಿನಲ್ಲಿ ಶುರುವಾಯಿತು. ತಿಂಗಳ ಬಾಡಿಗೆ ಇಲ್ಲ, ರೀಚಾರ್ಜ್ ಇಲ್ಲ. ಡಿಶ್, ಸೆಟ್‌ಟಾಪ್ ಬಾಕ್ಸ್ ಎರಡಕ್ಕೂ ಸೇರಿ ಒಂದೇ ಸಲದ ಖರ್ಚು ಸುಮಾರು 2,000 ರೂಪಾಯಿ ಎಂದು ಸರ್ಕಾರವೇ ಹೇಳುತ್ತ ಬಂದಿದೆ. 2019ರ ಫೆಬ್ರವರಿಯಲ್ಲಿ ಜಾರಿಯಾದ ಟ್ರಾಯ್ ನಿಯಮದಡಿ ಕೇಬಲ್ ಅಥವಾ ಖಾಸಗಿ ಡಿಟಿಎಚ್‌ನವರಿಗೆ ಮೊದಲ ನೂರು ವಾಹಿನಿಗಳ ಜಾಲಶುಲ್ಕವೆಂದೇ ತೆರಿಗೆ ಸೇರಿ ತಿಂಗಳಿಗೆ 153 ರೂಪಾಯಿ 40 ಪೈಸೆಯವರೆಗೆ ಕೊಡಬೇಕಾಗಿತ್ತು. ಹದಿಮೂರು ತಿಂಗಳಲ್ಲಿ ಡಿಶ್‌ನ ಹಣ ಹುಟ್ಟಿಬಿಡುತ್ತದೆ. ಅಂಗಡಿಯವನು ಈ ಲೆಕ್ಕ ಹೇಳಲಾರ. ರೀಚಾರ್ಜ್ ಇಲ್ಲದ ಡಬ್ಬಿ ಮಾರಿದರೆ ಅವನಿಗೆ ಮತ್ತೆ ಸಿಗುವುದೇನು?

ಅಳವಡಿಸುವುದು ಕೂಡ ಜನ ಹೆದರುವಷ್ಟು ಕಷ್ಟದ್ದಲ್ಲ. ಜಿಸ್ಯಾಟ್-15 ಉಪಗ್ರಹ ನಿಂತಿರುವುದು 93.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ಭೋರ್‌ನಿಂದ ಲೆಕ್ಕ ಹಾಕಿದರೆ ದಿಕ್ಸೂಚಿಯಲ್ಲಿ ಸುಮಾರು 131 ಡಿಗ್ರಿ, ದಿಗಂತದಿಂದ ಮೇಲಕ್ಕೆ ಸುಮಾರು 59 ಡಿಗ್ರಿ. ಈ ಎರಡನೆಯ ಅಂಕಿಯೇ ಗುಡ್ಡದ ಊರಿನ ಭಾಗ್ಯ. 59 ಡಿಗ್ರಿ ಎಂದರೆ ಹೆಚ್ಚುಕಡಿಮೆ ತಲೆ ಎತ್ತಿ ನೋಡುವಷ್ಟು ಎತ್ತರ. ಅಷ್ಟಕ್ಕೆ ಅಡ್ಡ ಬರಬೇಕಾದರೆ ಗುಡ್ಡ ಹಿತ್ತಲಿನಲ್ಲೇ ಕಡಿದಾಗಿ ಎದ್ದಿರಬೇಕು. ಅಡ್ಡ ಬರುವುದು ಪಕ್ಕದ ಮಾವಿನ ಮರ, ಇಲ್ಲವೇ ನೀರಿನ ಟ್ಯಾಂಕು.

ಮೊಬೈಲಿನ ದಿಕ್ಸೂಚಿ ಸಾಕು, ಆದರೆ ಕಬ್ಬಿಣದ ಕಂಬದಿಂದ ನಾಲ್ಕು ಹೆಜ್ಜೆ ದೂರ ನಿಂತು ನೋಡಬೇಕು. ಹತ್ತಿರ ಹೋದರೆ ಅದು ಸುಳ್ಳು ಹೇಳುತ್ತದೆ. ಕಂಬ ನೂಲುಗುಂಡು ಹಿಡಿದಂತೆ ನೆಟ್ಟಗಿರಬೇಕು. ಇದೊಂದನ್ನು ಕಡೆಗಣಿಸಿಯೇ ಹೆಚ್ಚಿನವರು ಅರ್ಧ ದಿನ ಕಳೆಯುವುದು. ಮನೆಗಳಲ್ಲಿ ಕಾಣುವ ತಟ್ಟೆಗಳು ಆಫ್‌ಸೆಟ್ ಮಾದರಿಯವು, ಹಾಗಾಗಿ ಮುಖ ಅಷ್ಟು ಮೇಲೆ ನೋಡುವಂತೆ ಕಾಣುವುದಿಲ್ಲ. ಕಣ್ಣಳತೆ ನಂಬದೆ ಹಿಂದಿನ ಪಟ್ಟಿಯ ಮೇಲಿನ ಗುರುತು ನೋಡಬೇಕು. ಬಾಕ್ಸ್ ಎರಡು ಗೆರೆ ತೋರಿಸುತ್ತದೆ: ಸ್ಟ್ರೆಂತ್ ಮತ್ತು ಕ್ವಾಲಿಟಿ. ಮೊದಲನೆಯದು ಡಿಶ್ ಬರೀ ಆಕಾಶ ನೋಡುತ್ತಿದ್ದರೂ ಏರಿರುತ್ತದೆ. ಎರಡನೆಯದು ಏರುವವರೆಗೆ ಕೂದಲೆಳೆಯಷ್ಟೇ ಜರುಗಿಸಿ, ಬಾಕ್ಸ್‌ಗೆ ಎರಡು ಕ್ಷಣ ಕೊಟ್ಟು, ಮತ್ತೆ ಜರುಗಿಸಬೇಕು. ಕಡೆಗೆ ಮುಂದಿನ ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲೇ ತುಸು ತಿರುಗಿಸಿದರೆ ಇನ್ನಷ್ಟು ಏರುತ್ತದೆ. ಬಾಕ್ಸ್ ಎಂಪೆಗ್-4 ಮಾದರಿಯದೇ ಇರಲಿ. ಹಳೆಯ ಎಂಪೆಗ್-2 ಡಬ್ಬಿಗೆ ಕೆಲವು ವಾಹಿನಿಗಳು ಕಾಣುವುದೇ ಇಲ್ಲ. ಟಿವಿ ಹೊಸದಾದರೆ ಒಳಗೇ ಉಪಗ್ರಹ ಟ್ಯೂನರ್ ಇದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು. ಡಬ್ಬಿಯ ದುಡ್ಡೂ ಉಳಿದೀತು.

ಮೊಬೈಲಿನಲ್ಲೇ ಎಲ್ಲ ಸಿಗುವಾಗ ಇಷ್ಟೆಲ್ಲ ಯಾಕೆ ಎನ್ನುವವರಿಗೆ ಒಂದೇ ಉತ್ತರ. ಮೊಬೈಲು ಒಬ್ಬರ ಕೈಯಲ್ಲಿರುತ್ತದೆ. ಆ ಒಬ್ಬರು ಶಿರವಳ್‌ಗೆ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಉಳಿಯುವ ಮುದುಕಿಗೆ, ಮರಾಠಿ ಶಾಲೆಗೆ ಹೋಗಿಬರುವ ಹುಡುಗನಿಗೆ ಕನ್ನಡ ಕೇಳಿಸುವುದು ಗೋಡೆಗಿರುವ ಟಿವಿಯಿಂದಲೇ. ಇನ್ನೊಂದು ಸಣ್ಣ ಗೆಲುವೂ ಇದೆ. 2007ರ ಕಾಯ್ದೆಯಂತೆ ಭಾರತ ತಂಡದ ಪ್ರಮುಖ ಕ್ರಿಕೆಟ್ ಪಂದ್ಯಗಳ ಪ್ರಸಾರವನ್ನು ಖಾಸಗಿಯವರು ಪ್ರಸಾರ ಭಾರತಿಯ ಜೊತೆ ಹಂಚಿಕೊಳ್ಳಬೇಕು. ಆ ಪ್ರಸಾರ ದೂರದರ್ಶನದ ಸ್ವಂತ ಗೋಪುರ ಮತ್ತು ಸ್ವಂತ ಡಿಟಿಎಚ್‌ಗೆ ಮಾತ್ರ, ಕೇಬಲ್‌ನವರಿಗೆ ಇಲ್ಲ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ತಿಂಗಳ ದುಡ್ಡು ಕಟ್ಟುವ ನೆರೆಮನೆಯವರು ಪಂದ್ಯ ನೋಡಲು ಬಿಟ್ಟಿ ಡಿಶ್‌ನ ಮನೆಗೆ ಬರುವುದು ಹೀಗೆ.

ಜಗಳ ಇರುವುದು ಬೇರೆ ಕಡೆ. ಫ್ರೀ ಡಿಶ್‌ನ ಖಾಸಗಿ ಜಾಗಗಳು ಇ-ಹರಾಜಿನಲ್ಲಿ ಹೋಗುತ್ತವೆ. ಹಿಂದಿ ಮನರಂಜನೆಯ ಗುಂಪಿಗೇ ಅತಿ ಹೆಚ್ಚಿನ ಮೂಲಬೆಲೆ. ಕೊಡುವವರು ಕೊಡುತ್ತಾರೆ, ಬೇಡವೆನಿಸಿದಾಗ ಎದ್ದು ಹೋಗುತ್ತಾರೆ: 2019ರ ಮಾರ್ಚ್‌ನಲ್ಲಿ ಸ್ಟಾರ್, ಜೀ, ಸೋನಿ, ವಯಾಕಾಂ18 ತಮ್ಮ ಹಿಂದಿ ವಾಹಿನಿಗಳನ್ನು ತೆಗೆದವು, 2020ರಲ್ಲಿ ಮರಳಿದವು, 2022ರ ಏಪ್ರಿಲ್‌ನಲ್ಲಿ ಮತ್ತೆ ಹೋದವು. ಹಿಂದಿ ನೋಡುಗರಿಗೆ ಹೋದುದರ ಜಾಗದಲ್ಲಿ ಇನ್ನೊಂದು ಬರುತ್ತದೆ. ಕನ್ನಡಕ್ಕೆ ಆ ಮಟ್ಟದ ಹರಾಜು ಕೂಗಲು ಯಾರಿಗೂ ಕಾರಣವಿಲ್ಲ, ಏಕೆಂದರೆ ಇಲ್ಲಿನ ದೊಡ್ಡ ವಾಹಿನಿಗಳು ಬದುಕುವುದು ಚಂದಾ ಹಣದಿಂದ. ಹಾಗಾಗಿ ಕನ್ನಡ ಮನೆಯ ಪಾಲಿಗೆ ಗಟ್ಟಿಯಾಗಿ ನಂಬಬಹುದಾದದ್ದು ಚಂದನ ಒಂದೇ. ಹರಾಜಿನ ಹಣ ಪ್ರಸಾರ ಭಾರತಿಗೆ ಬೇಕು, ಒಪ್ಪೋಣ. ಆದರೆ ಗೋಪುರಗಳನ್ನು ಮುಚ್ಚಿ ದೇಶದ ಬಿಟ್ಟಿ ಟಿವಿಯನ್ನೆಲ್ಲ ಈ ಒಂದು ತಟ್ಟೆಗೆ ಸುರಿದ ಮೇಲೆ, ಪ್ರತಿ ಭಾಷೆಗೂ ಎರಡು ಮೂರು ಜಾಗಗಳನ್ನು ಹರಾಜಿನ ಹೊರಗಿಡುವುದು ಅದರದೇ ಹೊಣೆ. ಚಂದನಕ್ಕೆ ಒಳ್ಳೆಯ ಧಾರಾವಾಹಿ ಮಾಡಲು ದುಡ್ಡು ಕೊಡುವುದೂ ಅಷ್ಟೇ ಅಗತ್ಯ. ಇರುವುದೊಂದು ವಾಹಿನಿ ಸಪ್ಪೆಯಾಗಿದ್ದರೆ ಹುಡುಗ ಹಿಂದಿಗೆ ಹೊರಳಲು ಒಂದು ಗುಂಡಿ ಒತ್ತಿದರಾಯಿತು.

ಮಳೆಯ ಮಾತು ಬಾಕಿ ಇದೆ. ಕೂ-ಬ್ಯಾಂಡ್ ಅಲೆಗಳಿಗೆ ದಪ್ಪ ಮಳೆ ಆಗುವುದಿಲ್ಲ. ವರಂಧಾ ಘಾಟಿಯ ಕಡೆಯಿಂದ ಮೋಡ ಕವಿದು ಬಂದಾಗ ಚಿತ್ರ ಚೌಕಚೌಕವಾಗಿ ಒಡೆದು ನಿಲ್ಲುತ್ತದೆ. ಇಂಥ ಊರಿನಲ್ಲಿ 60 ಸೆಂಟಿಮೀಟರಿನ ಬದಲು 90 ಸೆಂಟಿಮೀಟರಿನ ತಟ್ಟೆಗೆ ಸ್ವಲ್ಪ ಹೆಚ್ಚು ಕೊಡುವುದು ವ್ಯರ್ಥವಲ್ಲ, ಮನೆಮಾಲೀಕ ಗೋಡೆಗೆ ನಾಲ್ಕು ಬೋಲ್ಟ್ ಹೊಡೆಯಲು ಬಿಟ್ಟರೆ. ಬಿಡದಿದ್ದರೆ ಅಗಲವಾದ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕಲ್ಲು ಹೇರಿ ಮಾಳಿಗೆಯ ಮೇಲೆ ಕೂರಿಸಬಹುದು. ಜೂನ್‌ಗೆ ಮುಂಚೆ ನಟ್ಟುಗಳನ್ನು ಬಿಗಿ ಮಾಡಿ, ಕೇಬಲ್ ಕಿಟಕಿಯೊಳಗೆ ಹೋಗುವ ಮೊದಲು ಒಂದು ಸುತ್ತು ಕೆಳಕ್ಕೆ ಜೋತುಬೀಳುವಂತೆ ಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ, ಟಿವಿಯ ಹಿಂದಕ್ಕೆ ಬರುವುದಿಲ್ಲ.