ಸಾಕ್ಷಿಗೆ ಹಣಕ್ಕಿಂತ ಅಭಯ ಬೇಕು

ಪತ್ರಕರ್ತೆ ಗೌರಿ ಲಂಕೇಶ್ 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಹತ್ಯೆಯಾದಾಗ, ಹಂತಕರ ಸುಳಿವು ನೀಡಿದವರಿಗೆ ರಾಜ್ಯ ಸರ್ಕಾರ 10 ಲಕ್ಷ ರೂಪಾಯಿ ಬಹುಮಾನ ಘೋಷಿಸಿತು. ಅದನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಸಾಕ್ಷ್ಯವನ್ನು ಬಚ್ಚಿಡುವವನ ಹೃದಯವು ಪಾಪಗ್ರಸ್ತವೆಂದು ಪವಿತ್ರ ಕುರ್‌ಆನ್ (2:283) ಎಚ್ಚರಿಸಿದೆ. ಸಾಲದ ವ್ಯವಹಾರದ ಪ್ರಸಂಗದಲ್ಲಿ ಬಂದ ಎಚ್ಚರಿಕೆಯಿದು. ಪ್ರಾಣಹರಣದ ವಿಷಯದಲ್ಲಿ ಅದರ ಭಾರ ಇನ್ನೆಷ್ಟಿರಬೇಡ! ಆದರೂ ಕಂಡವರು ಬಾಯಿ ಬಿಡುವುದಿಲ್ಲ. ಬಹುಮಾನ ಸಾಲದೆಂದಲ್ಲ, ನಾಳೆ ತಮ್ಮ ಬಾಗಿಲಿಗೆ ಯಾರು ಬರುವರೋ ಎಂಬ ಭಯದಿಂದ. 2018ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸಾಕ್ಷಿ ಸಂರಕ್ಷಣಾ ಯೋಜನೆಯನ್ನು ಅನುಮೋದಿಸಿ, ಎಲ್ಲ ರಾಜ್ಯಗಳೂ ಪಾಲಿಸುವಂತೆ ಆದೇಶಿಸಿತು. ಅದರಂತೆ ಸಾಕ್ಷಿಯು ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಸಮಿತಿಗೆ ಅರ್ಜಿ ಸಲ್ಲಿಸಿ ರಕ್ಷಣೆ ಕೋರಬಹುದು. ಬಹುಮಾನದ ಪ್ರಕಟಣೆಯಲ್ಲಿ ಮೊತ್ತದ ಪಕ್ಕದಲ್ಲೇ ಈ ಅರ್ಜಿಯ ವಿವರವನ್ನೂ ಮುದ್ರಿಸಬೇಕೆಂದು ನಾವು ಒತ್ತಾಯಿಸುತ್ತೇವೆ.