ಯಾವ ವ್ಯವಸ್ಥೆ ಎಂಬುದಕ್ಕಿಂತ ಯಾರ ಉಸ್ತುವಾರಿ ಎಂಬುದು ಮುಖ್ಯ

2024ರ ಜುಲೈ 19, ಶುಕ್ರವಾರ. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9.39. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ಅಪ್‌ಡೇಟ್ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ನೀಲಿ ಪರದೆಗೆ ದೂಡಿತು. ಇಂಡಿಗೊ ಸಿಬ್ಬಂದಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲೇ ಬರೆದುಕೊಟ್ಟರು. ಕಂಪನಿ 78 ನಿಮಿಷಗಳಲ್ಲಿ ತಪ್ಪು ತಿದ್ದಿಕೊಂಡಿತು. ಆದರೆ ಅಷ್ಟರಲ್ಲಿ ಕೈಕೊಟ್ಟಿದ್ದ ಬಹುಪಾಲು ಯಂತ್ರಗಳ ಮುಂದೆ ಒಬ್ಬರು ಕೂತು, ಸೇಫ್ ಮೋಡ್‌ಗೆ ಹೋಗಿ, ಅಪ್‌ಡೇಟ್‌ನ ಫೈಲನ್ನು ಅಳಿಸಬೇಕಾಯಿತು. ಬಿಟ್‌ಲಾಕರ್ ಎಂಬ ಡಿಸ್ಕ್ ಬೀಗ ಹಾಕಿದ್ದ ಕಡೆ 48 ಅಂಕಿಗಳ ಕೀಯನ್ನೂ ಹುಡುಕಬೇಕಿತ್ತು.

ಮ್ಯಾಕ್, ಲಿನಕ್ಸ್ ಅಂದು ಪಾರಾದವು. ಮ್ಯಾಕ್ ವಿಷಯದಲ್ಲಿ ಅದು ಅದೃಷ್ಟವಲ್ಲ. ಹೊರಗಿನವರ ತಂತ್ರಾಂಶ ವ್ಯವಸ್ಥೆಯ ತಿರುಳಾದ ಕರ್ನಲ್‌ನೊಳಗೆ ಇಳಿಯದಂತೆ ಆಪಲ್ 2019ರಿಂದಲೇ ಬಿಗಿ ಮಾಡುತ್ತ ಬಂದಿತ್ತು. ಲಿನಕ್ಸ್‌ಗೆ ಅಷ್ಟು ಪೂರ್ಣಾಂಕ ಕೊಡಲಾಗದು. ಕ್ರೌಡ್‌ಸ್ಟ್ರೈಕ್‌ನದೇ ತಂತ್ರಾಂಶದಿಂದ ಕೆಲವೇ ವಾರಗಳ ಹಿಂದೆ ರೆಡ್ ಹ್ಯಾಟ್ ಲಿನಕ್ಸ್ ಸರ್ವರ್‌ಗಳೂ ಕುಸಿದಿದ್ದವು. ಆ ವರ್ಷದ ಮಾರ್ಚ್‌ನಲ್ಲಂತೂ ಲಿನಕ್ಸ್‌ನ ಎಕ್ಸ್‌ಝಡ್ ಎಂಬ ಉಪಕರಣದಲ್ಲಿ ಯಾರೋ ಕಳ್ಳಬಾಗಿಲನ್ನೇ ಇಟ್ಟಿದ್ದುದು ಬಯಲಾಯಿತು. ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಎಂದು ಬೆನ್ನುಹತ್ತಿ ಅದನ್ನು ಹಿಡಿದವರು ಆಂಡ್ರೆಸ್ ಫ್ರಾಯಿಂಡ್, ಮೈಕ್ರೋಸಾಫ್ಟ್‌ನ ಎಂಜಿನಿಯರ್!

ಮುಕ್ತ ತಂತ್ರಾಂಶವಾದ್ದರಿಂದಲೇ ಅವರಿಗೆ ಮೂಲ ಸಂಕೇತವನ್ನು ಬಗೆದು ನೋಡಲು ಸಾಧ್ಯವಾಯಿತು. ಆದರೆ ನೋಡುವ ಒಬ್ಬ ಮನುಷ್ಯ ಬೇಕಿತ್ತು.

2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳನ್ನು ಕಾಡಿದ್ದೂ ಇಂಥ ಕೊರತೆಯಿಂದಲೇ. ಅದು ನುಸುಳಲು ಬಳಸಿದ ವಿಂಡೋಸ್ ಲೋಪಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಪ್ಯಾಚ್ ಕೊಟ್ಟಿತ್ತು. ಹಾಕುವವರಿಲ್ಲದ ಕಡೆ ಸಾವಿರಾರು ರೋಗಿಗಳ ತಪಾಸಣೆ ರದ್ದಾಯಿತು.

ಈಗ ನಮ್ಮ ಕಚೇರಿಗಳ ಸರದಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಲೆಕ್ಕಪತ್ರಕ್ಕೆ ಟ್ಯಾಲಿ, ಕನ್ನಡಕ್ಕೆ ನುಡಿಯ ಹಳೆಯ ಆವೃತ್ತಿ ಬೇಕೆನ್ನುವ ಮೇಜುಗಳು ವಿಂಡೋಸ್ ಬಿಡಲಾರವು. ಅಲ್ಲಿನ ಯಂತ್ರ ಹೊಸ ವಿಂಡೋಸ್ ತಾಳದಿದ್ದರೆ ಹೊಸದನ್ನು ಕೊಡಲೇಬೇಕು. ದಿನವಿಡೀ ಬ್ರೌಸರ್‌ನಲ್ಲೇ ಅರ್ಜಿ ತುಂಬುವ ಕೌಂಟರಿಗೆ ಉಬುಂಟು ಎಂಬ ಲಿನಕ್ಸ್ ಧಾರಾಳವಾಗಿ ಸಾಕು, ಹಳೆಯ ಯಂತ್ರವೂ ನಡೆಯುತ್ತದೆ. ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಲಿನಕ್ಸ್‌ನಲ್ಲಿ ನಡೆಯುತ್ತಿರುವುದು ಅಲ್ಲಿ ಶಿಕ್ಷಕರಿಗೆ ತರಬೇತಿ ಕೊಟ್ಟಿರುವುದರಿಂದ, ಬರೀ ಸಿ.ಡಿ. ಹಂಚಿದ್ದರೆ ಆಗುತ್ತಿರಲಿಲ್ಲ. ನಮ್ಮ ಇಲಾಖೆಗಳ ಕಂಪ್ಯೂಟರ್ ಟೆಂಡರ್‌ನಲ್ಲಿ ಪ್ರೊಸೆಸರ್, ರ‍್ಯಾಮ್ ಜೊತೆಗೆ ಇನ್ನೆರಡು ಸಾಲು ಸೇರಲಿ: ಪ್ರತಿ ತಿಂಗಳು ಪ್ಯಾಚ್ ಹಾಕುವವರು ಯಾರು, ಅವರ ಸಂಬಳ ಯಾವ ಬಾಬ್ತಿನಿಂದ.